ಮೂರು ತಿಂಗಳ ಪಾಲಿಸಿ

ಅಳಿಯಾ, ಮೊನ್ನೆ ಪುಂಜಾಲಕಟ್ಟೆ ಪೇಟೆಯಲ್ಲಿ ಗೋಳಿಬಜೆ ತಣ್ಣಗಾಗುವವರೆಗೆ ನೀನು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, "ಮಾವ, ಮೂರೇ ತಿಂಗಳಿಗೆ ಹೆಲ್ತ್ ಇನ್ಶೂರೆನ್ಸ್ ಉಂಟಂತೆ, ಮಾಡಲಾ?" ಎಂದು ಕೇಳಿದೆ. ಉತ್ತರ ಹೇಳುವುದರೊಳಗೆ ಬಿ.ಸಿ. ರೋಡಿನ ಬಸ್ಸು ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಈಗಿನ ಕೆಲಸ ಬಿಟ್ಟು ಹೊಸದಕ್ಕೆ ಸೇರುವವರೆಗೆ ಮೂರು ತಿಂಗಳ ಬಿಡುವು. ಆಫೀಸಿನವರು ಮಾಡಿಸಿದ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ನಡುವಿನ ಹೊಂಡಕ್ಕೊಂದು ಹಲಗೆ ಹಾಕುವ ಯೋಚನೆ ತಪ್ಪಲ್ಲ.

ಚಿಕ್ಕ ಅವಧಿಯ ಪಾಲಿಸಿ ನಮಗೆ ಹೊಸತೂ ಅಲ್ಲ. 2020ರ ಜುಲೈಯಲ್ಲಿ ಕೊರೊನಾ ಕವಚ ಬಂದಾಗ ಮೂರೂವರೆ, ಆರೂವರೆ, ಒಂಬತ್ತೂವರೆ ತಿಂಗಳಿನದ್ದು ಇತ್ತು. ಮೂರೂವರೆ ತಿಂಗಳೆಂದರೆ 105 ದಿನ, ಅದರಲ್ಲಿ ಮೊದಲ 15 ದಿನ ಕಾಯುವುದಕ್ಕೇ ಹೋಗುತ್ತಿತ್ತು. ಒಂದೇ ಕಾಯಿಲೆಯ ಹೆದರಿಕೆಗೆ ಅದು ಸರಿಯಾಗಿಯೇ ಇತ್ತು. ಆದರೆ ಮಾಮೂಲಿ ಪಾಲಿಸಿಯಲ್ಲಿ ಶುರುವಿನ 30 ದಿನ ಜ್ವರಕ್ಕೂ ಹಣ ಸಿಗುವುದಿಲ್ಲ. ಮೂರು ತಿಂಗಳಿನದ್ದಕ್ಕೂ ಇದೇ ಷರತ್ತು ಇದ್ದರೆ ನಿನ್ನ ಕೈಗೆ ಬರುವುದು ಎರಡೇ ತಿಂಗಳು. ಅಪಘಾತಕ್ಕೆ ಮಾತ್ರ ಈ ಕಾಯುವಿಕೆ ಇಲ್ಲ, ಮೊದಲ ದಿನದಿಂದಲೇ ಉಂಟು. ನಮ್ಮೂರಿನ ರಸ್ತೆ ಅಗಲವಾದ ಮೇಲೆ ನೀನು ಬೈಕು ಬಿಡುವ ರೀತಿ ನೋಡಿದರೆ ನಿನಗೆ ಬೇಕಾದದ್ದೂ ಅದೇ ಅನ್ನಿಸುತ್ತದೆ! ಹಾಗಾಗಿ ಹೊಸ ಕೆಲಸದ ಪತ್ರ ಕೈಯಲ್ಲಿದ್ದು, ಸೇರುವ ತಾರೀಕು ಅದರಲ್ಲಿದ್ದು, ಮೈಯಲ್ಲಿ ಯಾವ ಕಾಯಿಲೆಯೂ ಇಲ್ಲದಿದ್ದರೆ ನಿನ್ನೊಬ್ಬನ ಮಟ್ಟಿಗೆ ಅದು ನಡೆದೀತು.

ಆದರೆ ನೀನೊಬ್ಬನೇ ಅಲ್ಲವಲ್ಲ ಮಾರಾಯ. ಆ ಆಫೀಸಿನ ಪಾಲಿಸಿಯಲ್ಲಿ ನಿನ್ನ ಅಮ್ಮನ ಹೆಸರೂ ಉಂಟು. ನನ್ನ ತಂಗಿ ಬೀಡಿ ಕಟ್ಟುವ ಸೂಪಿನ ಪಕ್ಕದಲ್ಲೇ ಶುಗರಿನ ಮಾತ್ರೆಯ ಡಬ್ಬಿ ಇಟ್ಟುಕೊಂಡು ಎಷ್ಟು ವರ್ಷವಾಯಿತು? ಮೊದಲೇ ಇದ್ದ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷದವರೆಗೂ ಕಾಯಿಸಬಹುದು. ಮೂರು ತಿಂಗಳ ಪಾಲಿಸಿ ಆ ಮೂರು ವರ್ಷವನ್ನು ದಾಟುವುದು ಯಾವಾಗ? ಮುಗಿಸಿ ಇನ್ನೊಂದು ಹೊಸತು ಮಾಡಿಸಿದರೆ ಲೆಕ್ಕ ಮತ್ತೆ ಸೊನ್ನೆಯಿಂದ.

ಇದನ್ನು ನಾನು ಕಣ್ಣು ಕೊಟ್ಟು ಕಲಿತೆ. ಎರಡು ವರ್ಷ ಕಟ್ಟಿದ್ದ ಪಾಲಿಸಿಯ ಕಂತನ್ನು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಮರೆತೆ. ಒಂದು ತಿಂಗಳ ರಿಯಾಯಿತಿ ಅವಧಿಯೂ ದಾಟಿತು. ಹೋದರೆ ಹೋಗಲಿ ಎಂದು ಹೊಸತು ಮಾಡಿಸಿದೆ. ಆರು ತಿಂಗಳಿಗೆ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಪೊರೆಗೆ 24 ತಿಂಗಳು ಕಾಯಬೇಕು, ನಿಮ್ಮದು ಹೊಸ ಪಾಲಿಸಿ ಎಂದು ಕಾಗದ ಬಂತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಇನ್ನೊಂದರಲ್ಲಿ ಆ ಕಾಗದ ಓದಿದೆ. ನಾನು ಕಳಕೊಂಡದ್ದು ಹಣಕ್ಕಿಂತ ಹೆಚ್ಚಾಗಿ ಕಾದ ಆ ಎರಡು ವರ್ಷವನ್ನು.

ಅದಕ್ಕೇ ಹೇಳುವುದು, ಆಫೀಸು ಬಿಡುವ ಮೊದಲೇ ಎಚ್.ಆರ್.ನವರಿಗೆ ಬರೆದು ಕೇಳು. ಗುಂಪು ಪಾಲಿಸಿಯಲ್ಲಿದ್ದವರು ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ಅವಕಾಶ ಉಂಟು, ಕಾದ ವರ್ಷಗಳೂ ಲೆಕ್ಕಕ್ಕೆ ಸಿಗುತ್ತವೆ. ಅಮ್ಮನ ಕಂತು ಜಾಸ್ತಿ ಆದೀತು, ಆಗಲಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ವಿಮೆಗೆ ಮೊದಲಿದ್ದ 18 ಶೇಕಡಾ ಜಿ.ಎಸ್.ಟಿ.ಯೂ ಇಲ್ಲ. ನಿನಗೂ ವರ್ಷದ್ದೇ ಒಂದು ಸ್ವಂತ ಪಾಲಿಸಿ ಮಾಡಿಸು. ಹೊಸ ಆಫೀಸು ವಿಮೆ ಕೊಟ್ಟರೂ ಇದನ್ನು ಬಿಡಬೇಡ. ಐದು ವರ್ಷ ತಪ್ಪದೆ ನಡೆದರೆ, ಮೋಸ ಮಾಡಿದ್ದೆಂದು ತೋರಿಸದ ಹೊರತು, ನೀನು ಅರ್ಜಿಯಲ್ಲಿ ಅದು ಬರೆಯಲಿಲ್ಲ ಇದು ಬರೆಯಲಿಲ್ಲ ಎಂದು ಕಂಪನಿ ತಗಾದೆ ತೆಗೆಯುವಂತಿಲ್ಲ. ಆದರೂ ಅಮ್ಮನ ಶುಗರನ್ನು ಅರ್ಜಿಯಲ್ಲಿ ಬರೆದೇ ಬಿಡು.

ಸರಕಾರದ್ದನ್ನೂ ನೋಡಿಕೋ. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ನೀನು ಇನ್ಕಮ್ ಟ್ಯಾಕ್ಸ್ ಕಟ್ಟುವವ, ನಿಮ್ಮದು ಎ.ಪಿ.ಎಲ್. ಆದ್ದರಿಂದ ಸಿಗುವುದು ಸರಕಾರದ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಅಮ್ಮ ಸೊಸೈಟಿಯ ಸದಸ್ಯೆ ಅಲ್ವಾ? ಸಹಕಾರಿ ಸಂಘದ ಸದಸ್ಯರಿಗೆಂದೇ ಇದ್ದು 2018ರಲ್ಲಿ ನಿಂತಿದ್ದ ಯಶಸ್ವಿನಿ ಆರೋಗ್ಯ ಯೋಜನೆ ಮತ್ತೆ ಶುರುವಾಗಿದೆ. ಅದಕ್ಕೆ ಹೆಸರು ಬರೆಸಲು ನಿಗದಿಯಾದ ಅವಧಿಯಲ್ಲಿ ಮಾತ್ರ ಬಾಗಿಲು ತೆರೆಯುವುದು, ಸೊಸೈಟಿಯಲ್ಲಿ ನಾನೇ ವಿಚಾರಿಸುತ್ತೇನೆ.

ನೀನು ಇವತ್ತೇ ಎಚ್.ಆರ್.ಗೆ ಬರೆ. ಆದಿತ್ಯವಾರ ಬರುವಾಗ ಆಫೀಸಿನ ಪಾಲಿಸಿಯ ಪ್ರತಿಯನ್ನು ಪ್ರಿಂಟ್ ಹಾಕಿಸಿ ತಾ. ಮೊಬೈಲಿನ ಸಣ್ಣ ಅಕ್ಷರ ಈ ಕಣ್ಣಿಗೆ ಕಾಣುವುದಿಲ್ಲ.