ಅಟ್ಟದ ಚಾವಣಿ, ಕೊಬ್ಬರಿಯ ಲೆಕ್ಕ

ನಮ್ಮ ಅರಳಗುಪ್ಪೆ ಕಡೆ ಯಾರಾದರೂ ಮನೆ ಕಟ್ಟಿದರೆ ನೋಡಲು ಬಂದವರು ಕೇಳುವ ಮೊದಲ ಮಾತು, "ಚದರಕ್ಕೆ ಎಷ್ಟಾಯ್ತಣ್ಣ?" ಗೋಡೆಗೆ ಆ ಪ್ರಶ್ನೆ ಸಾಕು, ಚಾವಣಿಗೆ ಸಾಲದು. ಮೂರು ಕ್ವಿಂಟಲ್ ಕೊಬ್ಬರಿ ಕೆಟ್ಟ ಮೇಲೆ ನಾನು ಇದನ್ನು ಕಲಿತೆ. ನಿಮಗೆ ಆ ನಷ್ಟ ಆಗದಿರಲಿ ಎಂದು ಈ ಸಲದ ಅಂಕಣ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ರೈತನ ದುಡ್ಡು ಇರುವುದು ಅಟ್ಟದಲ್ಲಿ. ಕಿತ್ತ ಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿಗೆ ಏರಿಸಿದರೆ ಒಳಗಿನ ನೀರು ಇಂಗಿ ಗಿಟುಕು ಚಿಪ್ಪು ಬಿಡಲು ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಅಂದರೆ ಉಂಡೆ ಕೊಬ್ಬರಿ ಸಿದ್ಧ. ಅಷ್ಟು ದಿನವೂ ಆ ಸರಕನ್ನು ಕಾಯುವುದು ಮೇಲಿನ ಚಾವಣಿ.

ನಮ್ಮ ಹಿತ್ತಲ ಅಟ್ಟಕ್ಕೆ ಇದ್ದದ್ದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ನಾಡಿನುದ್ದಕ್ಕೂ ಹರಡಿದ ಹೆಂಚು ಅದು. ಆದರೆ ಕೋತಿಗಳ ಕಾಟ. ಪ್ರತಿ ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು. ಆ ಕೆಲಸ ಬಲ್ಲವರೂ ಕಡಿಮೆಯಾದರು. ಬೇಸತ್ತು 2023ರಲ್ಲಿ ಹೆಂಚು ಇಳಿಸಿ ಕಲರ್ ಶೀಟ್ ಹಾಕಿಸಿದೆ. ಹನಿ ನೀರು ಒಳಗೆ ಬರಬಾರದೆಂದು ಸೂರಿನ ಸಂದಿ, ನೆತ್ತಿಯ ಸಂದಿ ಎಲ್ಲವನ್ನೂ ಬಿಗಿಯಾಗಿ ಮುಚ್ಚಿಸಿದೆ. ಶೀಟಿನ ಅಡಿಗೆ ಫಾಯಿಲ್ ಹಾಸಿಸಲು ಒಂಬತ್ತು ಸಾವಿರ ಕೇಳಿದರು. ಬೇಡವೆಂದೆ.

ಆ ಚಳಿಗಾಲದ ಒಂದು ಬೆಳಗಿನ ಜಾವ ಅಪ್ಪ ಅಟ್ಟ ಹತ್ತಿ, ಶೀಟಿನ ಒಳಮೈಗೆ ಅಂಗೈ ಒತ್ತಿ ನನ್ನ ಮುಂದೆ ಹಿಡಿದರು. ಕೈ ಪೂರ್ತಿ ಒದ್ದೆ. "ಮಳೆ ಇಲ್ಲ, ಮೋಡ ಇಲ್ಲ, ಎಲ್ಲಿಂದ ಬಂತು ಈ ನೀರು? ಕಾಯಿ ಉಸಿರಾಡ್ಬೇಕು ಕಣಪ್ಪ" ಎಂದರು. ಒಣಗುವ ಕಾಯಿ ದಿನವೂ ತೇವ ಬಿಡುತ್ತದೆ. ಹೆಂಚಾದರೆ ಅದರಲ್ಲಿ ಒಂದಿಷ್ಟನ್ನು ಹೀರುತ್ತದೆ, ಉಳಿದದ್ದು ಸಂದಿಗಳಲ್ಲಿ ಗಾಳಿಯೊಂದಿಗೆ ಹೊರಗೆ ಹೋಗುತ್ತದೆ. ತಗಡು ರಾತ್ರಿ ಬೇಗ ತಣ್ಣಗಾಗುತ್ತದೆ, ತೇವ ಅದಕ್ಕೆ ತಾಗಿ ಹನಿಯಾಗಿ ಮತ್ತೆ ಕಾಯಿಯ ಮೇಲೇ ಬೀಳುತ್ತದೆ. ಕಾಯಿ ಸುಲಿದು ಒಡೆದಾಗ ಮೂರು ಕ್ವಿಂಟಲ್ ಕೊಬ್ಬರಿಗೆ ಬೂಷ್ಟು ಹಿಡಿದಿತ್ತು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ಲೆಕ್ಕದಲ್ಲಿ 36,000 ರೂಪಾಯಿಯ ಸರಕು. ನನಗೆ ಅದರ ಅರ್ಧವೂ ಕೈಗೆ ಬರಲಿಲ್ಲ. ಸಂದಿ ಮುಚ್ಚಿಸಿ, ತೇವ ತಗಡಿಗೆ ತಾಗದಂತೆ ತಡೆಯುವ ಫಾಯಿಲ್ ಬೇಡವೆಂದು ಒಂಬತ್ತು ಸಾವಿರ ಉಳಿಸಿದ್ದಕ್ಕೆ ತೆತ್ತ ಬೆಲೆ ಇದು.

ಮರುವರ್ಷ ದೊಡ್ಡ ಅಟ್ಟದ ಸರದಿ ಬಂದಾಗ ಅಂಗಡಿಗೆ ಹೋಗುವ ಮೊದಲು ಪುಸ್ತಕ ಹಿಡಿದು ಕೂತೆ.

ಮೊದಲು ಅಳತೆ. ನೆಲದ ಮೇಲೆ ಅಟ್ಟ 30 ಅಡಿ ಉದ್ದ, 20 ಅಡಿ ಅಗಲ, ಅಂದರೆ ಆರು ಚದರ. ಚಾವಣಿ ಆರು ಚದರ ಅಲ್ಲ. ಸುತ್ತಲೂ ಎರಡೆರಡು ಅಡಿ ಸೂರು ಸೇರಿಸಿದರೆ 34ಕ್ಕೆ 24. ನೆತ್ತಿಯಿಂದ ಸೂರಿನ ತುದಿಗೆ ಅಡ್ಡಕ್ಕೆ 12 ಅಡಿ, ಎತ್ತರ 5 ಅಡಿ ಇಟ್ಟೆವು. ಗಾರೆಯವರು 3-4-5 ಹಿಡಿದು ಮೂಲೆಮಟ್ಟ ನೋಡುತ್ತಾರಲ್ಲ, ಅದೇ ಲೆಕ್ಕ ಇಲ್ಲೂ: 144ಕ್ಕೆ 25 ಕೂಡಿದರೆ 169, ಇಳಿಜಾರಿನ ಉದ್ದ 13 ಅಡಿ. ಎರಡು ಮಗ್ಗುಲು ಸೇರಿ 884 ಚದರ ಅಡಿ. ಆರು ಚದರ ಎಂದುಕೊಂಡು ದುಡ್ಡು ಹೊಂದಿಸಿದವನಿಗೆ ಹತ್ತಿರ ಹತ್ತಿರ ಒಂದೂವರೆ ಪಟ್ಟು ಬಿಲ್ಲು ಬರುವುದು ಹೀಗೆ.

ಆಮೇಲೆ ಶೀಟಿನ ಅಗಲ. ಮೂರೂವರೆ ಅಡಿಯ ಶೀಟು ಪಕ್ಕದ ಶೀಟಿನ ಮೇಲೆ ಹತ್ತಿ ಕೂರುವುದರಿಂದ ಮುಚ್ಚುವುದು ಒಂದು ಮೀಟರ್ ಮಾತ್ರ. ನನ್ನ 34 ಅಡಿಗೆ ಮಗ್ಗುಲಿಗೆ ಹನ್ನೊಂದರಂತೆ 22 ಶೀಟು ಬೇಕು, ಹನ್ನೊಂದನೆಯದರಲ್ಲಿ ಬಹುಪಾಲು ಕತ್ತರಿಸಿ ಬಿಸಾಡಬೇಕು. ಎರಡೂ ತುದಿಯಲ್ಲಿ ಸೂರನ್ನು ಅರ್ಧರ್ಧ ಅಡಿ ತಗ್ಗಿಸಿ 33 ಅಡಿ ಮಾಡಿದೆ. ಹತ್ತತ್ತರಂತೆ 20 ಶೀಟು ಸರಿಯಾಗಿ ಕೂತವು. ನಮ್ಮೂರ ಕಲ್ಲೇಶ್ವರ ಗುಡಿಯ ಒಳಮಾಳಿಗೆಯಲ್ಲಿ ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು, ಒಟ್ಟು ಒಂಬತ್ತು ಅಂಕಣ. ಒಂಬತ್ತನೇ ಶತಮಾನದ ನೊಳಂಬರ ಕಾಲದ ಆ ಶಿಲ್ಪಿ ಎಲ್ಲ ಅಳತೆ ಮುಗಿಸಿಯೇ ಉಳಿ ಹಿಡಿದಿರಬೇಕು. ಕೆತ್ತಿದ ಮೇಲೆ ಕಲ್ಲನ್ನು ಹಿಗ್ಗಿಸಲು ಬರುವುದಿಲ್ಲ. ನಾವೂ ಆರ್ಡರ್ ಕೊಡುವ ಮುಂಚೆ ಕಾಗದದ ಮೇಲೆ ಗೆರೆ ಎಳೆಯೋಣ.

ಮೂರನೆಯದು ದರ. ಒಬ್ಬರು ಚದರ ಅಡಿಗೆ 52 ಎಂದರು, ಇನ್ನೊಬ್ಬರು 55. ಮೊದಲಿನವರದು ಶೀಟಿನ ಪೂರ್ತಿ ಅಗಲಕ್ಕೆ: 910 ಅಡಿ, 47,320 ರೂಪಾಯಿ. ಎರಡನೆಯವರದು ಮುಚ್ಚಿದ ಜಾಗಕ್ಕೆ: 858 ಅಡಿ, 47,190 ರೂಪಾಯಿ. ಮೂರು ರೂಪಾಯಿ ಅಗ್ಗವೆಂದು ಕಂಡದ್ದೇ 130 ರೂಪಾಯಿ ದುಬಾರಿ. ಆದ್ದರಿಂದ "ಅಡಿಗೆ ಎಷ್ಟು" ಎಂದಷ್ಟೇ ಕೇಳಬೇಡಿ, "ಯಾವ ಅಡಿಗೆ" ಎಂದೂ ಕೇಳಿ.

ಕೊನೆಗೆ ದಪ್ಪ. 0.50 ಮಿಲಿಮೀಟರಿಗೂ 0.40ಕ್ಕೂ ಇರುವ ವ್ಯತ್ಯಾಸ ಬಣ್ಣ ಬಳಿದ ಮೇಲೆ ಕಣ್ಣಿಗೆ ಕಾಣದು. ತೂಕ ಹೇಳುತ್ತದೆ. ಅರ್ಧ ಮಿಲಿಮೀಟರ್ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 3.9 ಕೆಜಿ. ನಾಲ್ಕಡಿ ಅಗಲದ ಸುರುಳಿಯಿಂದ ಒತ್ತಿ ತೆಗೆದ 13 ಅಡಿಯ ಶೀಟು ಸುಮಾರು 19 ಕೆಜಿ ಬರಬೇಕು. ಗಾಡಿ ಬಂದಾಗ ಇಳಿಸುವ ಮುಂಚೆ ಒಂದು ಶೀಟನ್ನು ಕೊಬ್ಬರಿ ತೂಗುವ ಯಂತ್ರದ ಮೇಲೆ ಇಬ್ಬರು ನೆಟ್ಟಗೆ ನಿಲ್ಲಿಸಿದರು. ಹದಿನೈದೂವರೆ ತೋರಿಸಿತು. ಬಿಲ್ಲಿನಲ್ಲಿದ್ದದ್ದು 0.50, ಗಾಡಿಯಲ್ಲಿದ್ದದ್ದು ಹೆಚ್ಚುಕಡಿಮೆ 0.40. ಮಾತು ಬೆಳೆಸದೆ ಗಾಡಿ ವಾಪಸ್ ಕಳಿಸಿ, ಸರಿಯಾದ ಮಾಲು ತರಿಸಿಕೊಂಡೆವು. ಅಂಗಡಿಯಲ್ಲಿ ಹೇಳುವ ದಪ್ಪ ಬರಿಯ ಉಕ್ಕಿನದೋ, ಲೇಪನ ಮತ್ತು ಬಣ್ಣ ಸೇರಿಸಿದ್ದೋ ಎಂಬುದನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಹಾಕಿಸಿ ಎಂದು ಹೇಳಿದವರೂ ಇದ್ದರು. ಜನ ಮಲಗುವ ಕೋಣೆಗೆ ಅದು ಒಳ್ಳೆಯದೇ, ಬಿಸಿಲಿನ ಕಾವನ್ನು ತಡೆಯುತ್ತದೆ. ಆದರೆ ಕಾಯಿ ಒಣಗಲು ಬೇಕಾದದ್ದೇ ಆ ಕಾವು. ಕಾಸು ಕೊಟ್ಟು ಅದನ್ನು ಹೊರಗಿಡುವುದು ಅಟ್ಟಕ್ಕೆ ಸಲ್ಲದು. ಎರಡು ಶೀಟಿನಲ್ಲಿ ಉಳಿದ 4,700 ರೂಪಾಯಿಗೆ ಇನ್ನಷ್ಟು ಸೇರಿಸಿ ಅಡಿಗೆ ಫಾಯಿಲ್ ಹಾಸಿಸಿದೆ, ನೆತ್ತಿಯಲ್ಲಿ ಗಾಳಿಕಿಂಡಿ ಬಿಡಿಸಿದೆ, ಎರಡೂ ಮಗ್ಗುಲು ಗೋಡೆಗೆ ಜಾಲಿ ಇಡಿಸಿದೆ.

ಮುಂಚೆ ಇಂಥ ಖರ್ಚನ್ನೆಲ್ಲ "ಮನೆ ರಿಪೇರಿ" ಎಂಬ ಹಾಳೆಯಲ್ಲಿ ಬರೆಯುತ್ತಿದ್ದೆ. ಅಲ್ಲಿ ಬರೆದಷ್ಟು ದಿನ ಎಲ್ಲಿ ಕಡಿಮೆ ಮಾಡಲಿ ಎಂದೇ ಕೈ ಹುಡುಕುತ್ತಿತ್ತು. ಈಗ ಅದು ಕೊಬ್ಬರಿ ಹಾಳೆಯಲ್ಲಿದೆ, ಗೊಬ್ಬರ, ಕಾಯಿ ಕೀಳುವ ಕೂಲಿ, ಸುಲಿಯುವ ಕೂಲಿಗಳ ಪಕ್ಕದಲ್ಲಿ. ಅಪ್ಪ ಈಗಲೂ ಚಳಿಗಾಲದ ಬೆಳಿಗ್ಗೆ ಅಟ್ಟ ಹತ್ತಿ ಶೀಟಿನ ಒಳಮೈ ಸವರಿ ನೋಡುತ್ತಾರೆ. ಏನೂ ಹೇಳದೆ ಇಳಿದು ಬಂದು ಕಾಫಿ ಕೇಳಿದರೆ, ಅಟ್ಟ ಒಣಗಿದೆ ಎಂದು ಅರ್ಥ.