ಒಂದೂವರೆ ಲಕ್ಷ ಹೆಚ್ಚು ಕೊಡಬೇಕೆ? ಮೊದಲ ಟ್ರ್ಯಾಕ್ಟರ್ ಕೊಳ್ಳುವವರಿಗೆ ಹಂತ ಹಂತವಾಗಿ ಲೆಕ್ಕ

ತಾಲೂಕು ಕೇಂದ್ರದ ಒಂದೇ ರಸ್ತೆಯಲ್ಲಿ ಎರಡು ಶೋರೂಂ. ಎರಡರಲ್ಲೂ 45 ಎಚ್‌ಪಿ ಟ್ರ್ಯಾಕ್ಟರ್ ನಿಂತಿದೆ. ಒಂದಕ್ಕಿಂತ ಇನ್ನೊಂದರ ಬೆಲೆ ಒಂದೂವರೆ ಲಕ್ಷ ಜಾಸ್ತಿ. ಜಾಸ್ತಿ ಬೆಲೆಯದರ ಸ್ಟೇರಿಂಗ್ ಒಂದೇ ಕೈಯಲ್ಲಿ ತಿರುಗುತ್ತದೆ, ಗೇರು ಸದ್ದಿಲ್ಲದೆ ಬೀಳುತ್ತದೆ, ಸೀಟು ಕಾರಿನದ್ದೇ. ಮಗ ಅದೇ ಬೇಕು ಎನ್ನುತ್ತಾನೆ. ಅಷ್ಟು ದುಡ್ಡಿಗೆ ಇನ್ನೊಂದು ಬೋರು ಕೊರೆಸಬಹುದಲ್ಲಪ್ಪಾ ಎಂದು ಅಪ್ಪ ಗೊಣಗುತ್ತಾರೆ. ಇಬ್ಬರೂ ಹೇಳುವುದರಲ್ಲಿ ಸತ್ಯವಿದೆ. ಯಾರ ಮಾತು ನಿಮ್ಮ ಹೊಲಕ್ಕೆ ಹೊಂದುತ್ತದೆ ಎಂಬುದು ಶೋರೂಮಿನಲ್ಲಿ ಗೊತ್ತಾಗುವುದಿಲ್ಲ. ಮನೆಯಲ್ಲಿ ಒಂದು ನೋಟ್‌ಬುಕ್ಕು ಹಿಡಿದು ಕೂತರೆ ಗೊತ್ತಾಗುತ್ತದೆ.

ಹಂತ 1: ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ಬರೆಯಿರಿ

ನಮ್ಮಲ್ಲಿ ಎಲ್ಲರೂ ಎಕರೆ ಲೆಕ್ಕ ಹಾಕುತ್ತಾರೆ. ಟ್ರ್ಯಾಕ್ಟರ್ ಸವೆಯುವುದು, ಡೀಸೆಲ್ ಕುಡಿಯುವುದು, ಸರ್ವೀಸಿಗೆ ಬರುವುದು ಎಲ್ಲ ಗಂಟೆಯ ಮೇಲೆ. ಆದ್ದರಿಂದ ಎಕರೆಯನ್ನು ಗಂಟೆಗೆ ತಿರುಗಿಸಿಕೊಳ್ಳಿ. ಪಲ್ಟಿ ನೇಗಿಲಲ್ಲಿ ಎಕರೆಗೆ ಎರಡರಿಂದ ಎರಡೂವರೆ ಗಂಟೆ, ಕಲ್ಟಿವೇಟರ್ ಒಂದು ಸಾಲಿಗೆ ಸುಮಾರು ಒಂದು ಗಂಟೆ, ರೋಟಾವೇಟರ್ ಒಂದೂಕಾಲು ಗಂಟೆ, ಕೂರಿಗೆ ಒಂದು ಗಂಟೆ ಎಂದು ಹಿಡಿಯಿರಿ. ಹತ್ತು ಎಕರೆಯಲ್ಲಿ ಎರಡು ಬೆಳೆ ತೆಗೆದು, ಗೊಬ್ಬರ, ಫಸಲು, ಮೇವು ಎಲ್ಲ ಸಾಗಿಸಿದರೂ ವರ್ಷಕ್ಕೆ 150ರಿಂದ 200 ಗಂಟೆ ದಾಟುವುದು ಕಷ್ಟ. ಮೊದಲ ಸಲ ಈ ಲೆಕ್ಕ ಹಾಕಿದವರು ಇಷ್ಟೇನಾ ಎಂದು ಬೆರಗಾಗುತ್ತಾರೆ.

ಇದಕ್ಕೆ ಬಾಡಿಗೆ ಗಂಟೆ ಸೇರಿಸಿ. ಆದರೆ ಮನಸ್ಸಿನಲ್ಲಿರುವ ಬಾಡಿಗೆ ಬೇಡ, ನಿಜವಾಗಿ ಸಿಗುವ ಬಾಡಿಗೆ ಬೇಕು. ಊರಲ್ಲಿ ಆಗಲೇ ಎಷ್ಟು ಟ್ರ್ಯಾಕ್ಟರ್ ಇವೆ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರ ಎಷ್ಟು ಬಾಡಿಗೆಗೆ ಯಂತ್ರ ಕೊಡುತ್ತದೆ, ದುಡ್ಡು ಯಾವಾಗ ಕೈಸೇರುತ್ತದೆ ಎಂದು ವಿಚಾರಿಸಿ. ಹದ ಬಂದಾಗ ಎಲ್ಲರಿಗೂ ಒಂದೇ ವಾರ ಟ್ರ್ಯಾಕ್ಟರ್ ಬೇಕು. ಆ ವಾರ ಹಗಲು ರಾತ್ರಿ ಓಡಿಸಿದರೂ ವರ್ಷದ ಗಂಟೆ ಬಹಳ ಏರುವುದಿಲ್ಲ. ಕಬ್ಬಿನ ಲೋಡು ಹೊಡೆಯುವವರ ಮಾತು ಬೇರೆ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ಹಂಗಾಮು ಪೂರ್ತಿ ಕಾರ್ಖಾನೆಗೆ ಓಡುವ ಗಾಡಿ ಸಾವಿರ ಗಂಟೆ ಮುಟ್ಟುತ್ತದೆ.

ಹಂತ 2: ಹೆಚ್ಚಿನ ದುಡ್ಡು ಯಾವುದಕ್ಕೆ ಹೋಗುತ್ತಿದೆ, ಬಿಡಿಸಿ ನೋಡಿ

ಪ್ರೀಮಿಯಂ ಎಂದರೆ ಬಾನೆಟ್ ಮೇಲಿನ ಹೆಸರು ಮಾತ್ರವಲ್ಲ. ಒಂದೇ ಕಂಪನಿಯ ಮಹೀಂದ್ರ 575ಕ್ಕೂ ಅರ್ಜುನ್ ನೋವೋಗೂ ಬೆಲೆಯಲ್ಲಿ ದೊಡ್ಡ ಅಂತರವಿದೆ. ಸೇಲ್ಸಿನವನಿಗೆ ನೇರವಾಗಿ ಕೇಳಿ: ಈ ಒಂದೂವರೆ ಲಕ್ಷಕ್ಕೆ ಏನೇನು ಹೆಚ್ಚು ಕೊಡುತ್ತೀರಿ? ಉತ್ತರವನ್ನು ಒಂದೊಂದಾಗಿ ಬರೆದುಕೊಳ್ಳಿ.

ಪವರ್ ಸ್ಟೇರಿಂಗ್ ಮತ್ತು ಆಯಿಲ್ ಬ್ರೇಕು ದುಡ್ಡಿಗೆ ಸರಿಯಾದ ಮಾಲು. ಆಯಿಲ್ ಬ್ರೇಕಿನ ತಟ್ಟೆಗಳು ಎಣ್ಣೆಯೊಳಗೆ ಮುಚ್ಚಿಕೊಂಡಿರುವುದರಿಂದ ಕೆಸರು ನೀರು ಒಳಗೆ ಹೋಗುವುದಿಲ್ಲ, ಲೈನಿಂಗ್ ಬದಲಿಸುವ ಕಾಟ ಕಡಿಮೆ. ಈಗ ಮಧ್ಯಮ ಬೆಲೆಯ ಗಾಡಿಗಳಲ್ಲೂ ಇವೆರಡೂ ಸಿಗುತ್ತವೆ. ಹಾಗಾಗಿ ಇವುಗಳ ಹೆಸರಲ್ಲಿ ದೊಡ್ಡ ಮೊತ್ತ ಕೇಳಿದರೆ ಒಪ್ಪಬೇಡಿ.

ಡಬಲ್ ಕ್ಲಚ್ ಬೇಕೇ ಎಂಬುದು ಕೆಲಸದ ಮೇಲೆ ನಿಂತಿದೆ. ಸಿಂಗಲ್ ಕ್ಲಚ್ಚಿನ ಗಾಡಿಯಲ್ಲಿ ಕ್ಲಚ್ ಒತ್ತಿದರೆ ಚಕ್ರದ ಜೊತೆ, ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಪಿಟಿಒ ಕೂಡ ನಿಲ್ಲುತ್ತದೆ. ಡಬಲ್ ಕ್ಲಚ್ ಇದ್ದರೆ ಗಾಡಿ ನಿಂತರೂ ರೋಟಾವೇಟರ್ ತಿರುಗುತ್ತಲೇ ಇರುತ್ತದೆ. ಹೆಂಟೆ ಗಟ್ಟಿಯಿರುವ ಹೊಲದಲ್ಲಿ, ಹುಲ್ಲು ಕಟ್ಟುವ ಬೇಲರ್ ಕೆಲಸದಲ್ಲಿ ಇದು ದೊಡ್ಡ ಅನುಕೂಲ. ಬರೀ ಕುಂಟೆ, ಕೂರಿಗೆ, ಟ್ರೈಲರ್ ಎಳೆಯುವವರಿಗೆ ಇದರ ನೆನಪೂ ಬರುವುದಿಲ್ಲ.

ಎರಡು ಸಾವಿರ ಕಿಲೋ ಎತ್ತುವ ಲಿಫ್ಟು ಕೇಳಲು ಚೆನ್ನ. ಆರು ಅಡಿ ರೋಟಾವೇಟರಿನ ತೂಕ 400–500 ಕಿಲೋ. ನಿಮ್ಮಲ್ಲಿರುವ ಉಪಕರಣ ಅಷ್ಟೇ ಆದರೆ ಹದಿನೈದು ನೂರು ಕಿಲೋ ಲಿಫ್ಟು ಸಾಕು.

ಇನ್ನು 50 ಎಚ್‌ಪಿಯ ಗೆರೆ. ಅದಕ್ಕಿಂತ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್–4 ಹೊಗೆ ನಿಯಮ ಬಂದಿದೆ. ಅದಕ್ಕಾಗಿ ಕಾಮನ್ ರೈಲ್ ಎಂಜಿನ್, ಸೆನ್ಸರ್, ಎಲೆಕ್ಟ್ರಾನಿಕ್ ಪೆಟ್ಟಿಗೆ ಎಲ್ಲ ಸೇರಿ ಬೆಲೆ ಏರಿತು. 49 ಎಚ್‌ಪಿಗೂ 52 ಎಚ್‌ಪಿಗೂ ಇರುವ ಬೆಲೆಯ ಅಂತರದಲ್ಲಿ ದೊಡ್ಡ ಪಾಲು ಈ ಕಾನೂನಿನದು, ನಿಮ್ಮ ನೇಗಿಲಿಗೆ ಸಿಗುವ ಬಲದ್ದಲ್ಲ. ಎಂಜಿನ್ ಕೆಟ್ಟರೆ ಊರಿನ ಫಿಟ್ಟರ್ ಸ್ಪ್ಯಾನರ್ ಹಿಡಿದು ಬಂದರೆ ಸಾಲದು, ಲ್ಯಾಪ್‌ಟಾಪ್ ಹಿಡಿದವರು ಬರಬೇಕು. ಮೂರು ಎಚ್‌ಪಿ ಆಸೆಗೆ ಈ ಗೆರೆ ದಾಟುವುದು ನನಗೆ ಸರಿ ಕಾಣುವುದಿಲ್ಲ.

ಹಂತ 3: ಮಣ್ಣನ್ನು ಕೇಳಿ

ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಕೆಸರು ಮಾಡುವವರಿಗೆ ಫೋರ್ ವೀಲ್ ಡ್ರೈವ್ ಖರ್ಚಲ್ಲ, ಅಗತ್ಯ. ಗದಗ, ಧಾರವಾಡದ ಎರೆ ಹೊಲದಲ್ಲಿ ಆಳವಾಗಿ ಉಳುವವರಿಗೂ ಅದರಿಂದ ಪ್ರಯೋಜನವುಂಟು. ಮಸಾರಿ, ಕೆಂಪು ಮಣ್ಣಿನಲ್ಲಿ ರಾಗಿ, ಶೇಂಗಾ ಬೆಳೆಯುವವರಿಗೆ ಟೂ ವೀಲ್ ಸಾಕು. ಅಡಿಕೆ ತೋಟ, ವಿಜಯಪುರದ ದ್ರಾಕ್ಷಿ ತೋಟದವರಿಗೆ 45 ಎಚ್‌ಪಿಯ ಪ್ರಶ್ನೆಯೇ ಇಲ್ಲ; ಸಾಲಿನ ನಡುವೆ ನುಗ್ಗುವ 20–28 ಎಚ್‌ಪಿಯ ಚಿಕ್ಕ ಗಾಡಿ ನೋಡಬೇಕು.

ಹಂತ 4: ಬುದ್ನಿಯ ವರದಿ ತರಿಸಿ, ಡೀಸೆಲ್ ಲೆಕ್ಕ ಹಾಕಿ

‘ಅಣ್ಣಾ, ಮೈಲೇಜ್ ಸೂಪರ್’ ಎಂಬ ಮಾತು ಎಲ್ಲ ಶೋರೂಮಿನಲ್ಲೂ ಕೇಳುತ್ತದೆ. ಅದು ನಿಜವೇ ಎಂದು ನೋಡಲು ದಾರಿಯಿದೆ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆಯಿದೆ. ಅಲ್ಲಿ ಪರೀಕ್ಷೆಯಾದ ಟ್ರ್ಯಾಕ್ಟರುಗಳ ವರದಿ ಸಾರ್ವಜನಿಕವಾಗಿ ಸಿಗುತ್ತದೆ. ಡೀಲರಿಗೆ ಮಾಡೆಲ್ ಹೆಸರು ಹೇಳಿ ವರದಿ ಕೇಳಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರು ಓದಲು ನೆರವಾಗುತ್ತಾರೆ. ಹೊಸಬರಿಗೆ ಅದರಲ್ಲಿ ಮೂರು ಸಾಲು ಸಾಕು. ಪಿಟಿಒದಲ್ಲಿ ನಿಜವಾಗಿ ಸಿಕ್ಕ ಶಕ್ತಿ ಎಷ್ಟು ಎಂಬುದು ಮೊದಲನೆಯದು. ಬಾನೆಟ್ ಮೇಲೆ ಬರೆದ ಎಚ್‌ಪಿಗಿಂತ ಇದು ಯಾವಾಗಲೂ ಕಡಿಮೆ. ನೆಲ ಬಿಗಿಯಾಗಿ ಎಂಜಿನ್ ಕುಗ್ಗಿದಾಗ ಎಷ್ಟು ಜೋರಾಗಿ ಎಳೆಯುತ್ತದೆ ಎಂಬ ಟಾರ್ಕ್ ಬ್ಯಾಕಪ್ ಎರಡನೆಯದು. ಒಂದು ಕಿಲೋವ್ಯಾಟ್–ಗಂಟೆ ಕೆಲಸಕ್ಕೆ ಎಷ್ಟು ಗ್ರಾಂ ಡೀಸೆಲ್ ಬೇಕಾಯಿತು ಎಂಬುದು ಮೂರನೆಯದು.

ದುಬಾರಿ ಗಾಡಿ 250 ಗ್ರಾಂ, ಅಗ್ಗದ್ದು 275 ಗ್ರಾಂ ತೋರಿಸಿದೆ ಎನ್ನೋಣ. 15 ಕಿಲೋವ್ಯಾಟ್ ಬೇಡುವ, ಅಂದರೆ ಸುಮಾರು 20 ಎಚ್‌ಪಿ ಕೆಲಸದಲ್ಲಿ ಗಂಟೆಗೆ 375 ಗ್ರಾಂ ಉಳಿಯುತ್ತದೆ. ಹೆಚ್ಚುಕಡಿಮೆ 450 ಮಿಲಿಲೀಟರ್. ಡೀಸೆಲ್ ಲೀಟರಿಗೆ 90 ರೂಪಾಯಿ ಹಿಡಿದರೆ ಗಂಟೆಗೆ 40 ರೂಪಾಯಿ ಉಳಿತಾಯ. ಎಷ್ಟೋ ಸಲ ಕಡಿಮೆ ಬೆಲೆಯ ಹಳೇ ಎಂಜಿನ್ನೇ ಈ ಸಾಲಿನಲ್ಲಿ ಗೆಲ್ಲುತ್ತದೆ. ಅದಕ್ಕೇ ವರದಿ ನೋಡದೆ ಉಳಿತಾಯ ಎಂಬ ಪದವನ್ನು ನೋಟ್‌ಬುಕ್ಕಿಗೆ ಬರೆಯಬೇಡಿ.

ಹಂತ 5: ಸಾಲದ ಬಡ್ಡಿ ಸೇರಿಸಿ ತೂಗಿ

ಒಂದೂವರೆ ಲಕ್ಷವನ್ನು ವರ್ಷಕ್ಕೆ ಶೇ 11ರ ಬಡ್ಡಿಯಲ್ಲಿ, ಐದು ವರ್ಷದ ಅವಧಿಗೆ, ಆರು ತಿಂಗಳಿಗೊಂದು ಕಂತಿನಂತೆ ಸಾಲ ಮಾಡಿದರೆ ಪ್ರತಿ ಕಂತಿಗೆ ಹತ್ತಿರ ಹತ್ತಿರ 20 ಸಾವಿರ ಹೆಚ್ಚು ಕಟ್ಟಬೇಕು. ಹತ್ತು ಕಂತಿಗೆ ಎರಡು ಲಕ್ಷ. ಅಂದರೆ ಪ್ರೀಮಿಯಂನ ನಿಜವಾದ ಬೆಲೆ ಎರಡು ಲಕ್ಷ.

ಈಗ ಒಂದನೇ ಹಂತದ ಗಂಟೆ ತೆಗೆಯಿರಿ. ವರ್ಷಕ್ಕೆ 150 ಗಂಟೆ ಓಡಿಸುವವರಿಗೆ ಡೀಸೆಲ್‌ನಲ್ಲಿ ಉಳಿಯುವುದು ಆರು ಸಾವಿರ. ಹತ್ತು ವರ್ಷಕ್ಕೆ ಅರವತ್ತು ಸಾವಿರ. ಉಳಿದ 1 ಲಕ್ಷ 40 ಸಾವಿರ ಸೀಟು, ಸ್ಟೇರಿಂಗ್ ಮತ್ತು ಹೆಸರಿಗೆ ಕೊಟ್ಟಂತೆ. ಆ ಸುಖ ಬೇಕೆನಿಸಿದರೆ ಕೊಡಿ, ತಪ್ಪೇನಿಲ್ಲ. ಬೆನ್ನು ನೋವಿರುವವರಿಗೆ ಒಳ್ಳೆಯ ಸೀಟಿನ ಬೆಲೆ ಯಾವ ವರದಿಯಲ್ಲೂ ಬರುವುದಿಲ್ಲ. ಆದರೆ ಅದನ್ನು ಲಾಭ ಎಂದುಕೊಳ್ಳಬೇಡಿ. 400 ಗಂಟೆಯವರಿಗೆ ಹತ್ತು ವರ್ಷದಲ್ಲಿ 1 ಲಕ್ಷ 60 ಸಾವಿರ ವಾಪಸ್; ಮಾರುವಾಗ ಒಂದಿಷ್ಟು ಹೆಚ್ಚು ಸಿಕ್ಕರೆ ಸರಿಸಮ. ಸಾವಿರ ಗಂಟೆಯವರಿಗೆ ಐದೇ ವರ್ಷಕ್ಕೆ ಎರಡು ಲಕ್ಷವೂ ಹಿಂದಿರುಗುತ್ತದೆ. ಅಂಥವರು ಅಗ್ಗದ ಗಾಡಿ ಕೊಂಡರೆ ಅದೇ ನಷ್ಟ.

ಹಂತ 6: ನಿಮ್ಮ ಹೊಲದಲ್ಲಿ, ನಿಮ್ಮ ಉಪಕರಣ ಕಟ್ಟಿ ಡೆಮೊ ಮಾಡಿಸಿ

ಸೆಪ್ಟೆಂಬರಿನ ಧಾರವಾಡ ಕೃಷಿ ಮೇಳದಲ್ಲೋ ನವೆಂಬರಿನ ಬೆಂಗಳೂರು ಜಿಕೆವಿಕೆ ಮೇಳದಲ್ಲೋ ಎಲ್ಲ ಕಂಪನಿಯ ಗಾಡಿಗಳನ್ನು ಒಂದೇ ಕಡೆ ಹತ್ತಿ ಇಳಿದು ನೋಡಬಹುದು. ಬುಕಿಂಗ್ ಮಾತ್ರ ಅಲ್ಲಿ ಮಾಡಬೇಡಿ. ಹೊಲಕ್ಕೆ ಕರೆಸಿ.

ಹಿಂದಿನ ಟೈರಿನ ಬದಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೇಗಿಲು ಮೇಲೆತ್ತಿ ಓಡಿಸಿ, ಟೈರು ಹತ್ತು ಸುತ್ತು ತಿರುಗುವಷ್ಟರಲ್ಲಿ ಗಾಡಿ ಎಷ್ಟು ದೂರ ಹೋಯಿತು ಎಂದು ಟೇಪಿನಲ್ಲಿ ಅಳೆಯಿರಿ. ಆಮೇಲೆ ನೇಗಿಲು ಇಳಿಸಿ ಅದೇ ಹತ್ತು ಸುತ್ತು. ಖಾಲಿ 42 ಮೀಟರ್, ಉಳುವಾಗ 36 ಮೀಟರ್ ಬಂದರೆ ಜಾರಿಕೆ ಶೇ 14. ಟೂ ವೀಲ್ ಗಾಡಿಗೆ ಶೇ 15ರವರೆಗೆ ತಕರಾರಿಲ್ಲ. ಅದಕ್ಕಿಂತ ಹೆಚ್ಚಾದರೆ ಎಂಜಿನ್ ಬಲ ಮಣ್ಣು ಕೆರೆಯುವುದರಲ್ಲೇ ಹೋಗುತ್ತಿದೆ. ಸೇಲ್ಸಿನವನು ಆಗ ದೊಡ್ಡ ಎಚ್‌ಪಿ ತೋರಿಸುತ್ತಾನೆ. ನೀವು ಹಿಂದಿನ ಟೈರಿಗೆ ಮುಕ್ಕಾಲು ನೀರು ತುಂಬಿಸಿ, ಚಕ್ರಕ್ಕೆ ತೂಕದ ಬಿಲ್ಲೆ ಹಾಕಿಸಿ ಮತ್ತೆ ಅಳೆಯಿರಿ. ಲಕ್ಷದ ಸಮಸ್ಯೆ ಕೆಲವು ಸಾವಿರಕ್ಕೆ ಮುಗಿಯುವುದು ಇಲ್ಲೇ.

ಲಿಫ್ಟಿನಲ್ಲಿ ರೋಟಾವೇಟರ್ ಎತ್ತಿ ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಡಿ. ಹೊಸ ಗಾಡಿಯಲ್ಲೇ ಸರಸರ ಇಳಿದರೆ ಹೈಡ್ರಾಲಿಕ್ ಬಗ್ಗೆ ಪ್ರಶ್ನೆ ಕೇಳಿ. ದಿನಾ ಓಡಿಸುವವರು ನಿಮ್ಮ ಮಗನೋ ಡ್ರೈವರೋ, ಅವರನ್ನೇ ಒಂದು ಗಂಟೆ ಕೂರಿಸಿ: ಕಾಲಿಗೆ ಎಂಜಿನ್ ಕಾವು ಬಡಿಯುತ್ತದೆಯೇ, ಕ್ಲಚ್ ಎಟಕುತ್ತದೆಯೇ, ಬದುವಿನ ಹತ್ತಿರ ಎಷ್ಟರಲ್ಲಿ ತಿರುಗುತ್ತದೆ ಎಂದು ಅವರೇ ಹೇಳಲಿ.

ಹಂತ 7: ಫಿಟ್ಟರ್ ಎಲ್ಲಿದ್ದಾನೆ?

ನನ್ನನ್ನು ಕೇಳಿದರೆ ಉಳಿದೆಲ್ಲ ಹಂತಕ್ಕಿಂತ ಇದು ದೊಡ್ಡದು. ಬಿತ್ತನೆಯ ಹದದಲ್ಲಿ ಗಾಡಿ ನಾಲ್ಕು ದಿನ ನಿಂತರೆ ಹತ್ತು ವರ್ಷದ ಡೀಸೆಲ್ ಉಳಿತಾಯವೆಲ್ಲ ಅಲ್ಲಿಗೇ ಸರಿ. ಸರ್ವೀಸ್ ಸೆಂಟರ್ ಎಷ್ಟು ಕಿಲೋಮೀಟರ್ ದೂರ, ಮೆಕ್ಯಾನಿಕ್ ಹೊಲಕ್ಕೆ ಬರುತ್ತಾರೆಯೇ ಎಂದು ಡೀಲರನ್ನು ಕೇಳಬೇಡಿ, ಅದೇ ಗಾಡಿ ಇಟ್ಟುಕೊಂಡ ಮೂರು ಜನ ರೈತರನ್ನು ಕೇಳಿ. ಕ್ಲಚ್ ಪ್ಲೇಟ್, ಡೀಸೆಲ್ ಫಿಲ್ಟರ್, ಹೈಡ್ರಾಲಿಕ್ ಫಿಲ್ಟರ್, ಒಂದು ಸಲದ ಆಯಿಲ್ ಇವಿಷ್ಟರ ಬೆಲೆಯನ್ನು ಎರಡೂ ಗಾಡಿಗೆ ಬರೆಸಿಕೊಳ್ಳಿ. ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತವೋ, ಕಂಪನಿ ಕೌಂಟರಿಗೇ ಹೋಗಬೇಕೋ ಅದನ್ನೂ ನೋಡಿ.

ಮಾರುವ ಬೆಲೆಯೂ ಇದರ ಬಾಲ ಹಿಡಿದೇ ಬರುತ್ತದೆ. ನಿಮ್ಮ ಸುತ್ತಿನ ಹಳ್ಳಿಗಳಲ್ಲಿ ಯಾವ ಗಾಡಿ ಹೆಚ್ಚಿದೆಯೋ ಸೆಕೆಂಡ್ ಹ್ಯಾಂಡ್‌ನಲ್ಲಿ ಅದಕ್ಕೇ ಗಿರಾಕಿ. ದುಬಾರಿ ಹೆಸರಿದ್ದರೂ ಜಿಲ್ಲೆಗೆ ಬೆರಳೆಣಿಕೆಯಷ್ಟಿದ್ದರೆ ಕೊಳ್ಳುವವನು ಮೊದಲು ಕೇಳುವುದು ಬಿಡಿಭಾಗದ ಮಾತು.

ಹಂತ 8: ಕೊಟೇಶನ್

ಎರಡೂ ಗಾಡಿಯ ಕೊಟೇಶನ್ ಲಿಖಿತವಾಗಿ ಬೇಕು. ಶೋರೂಂ ಬೆಲೆ, ನೋಂದಣಿ, ವಿಮೆ, ಹುಡ್, ಬಂಪರ್, ಕೊಕ್ಕೆ ಎಲ್ಲ ಬೇರೆ ಬೇರೆ ಸಾಲಿನಲ್ಲಿರಲಿ. ವಾರಂಟಿ ಎಷ್ಟು ವರ್ಷ ಎನ್ನುವುದರ ಜೊತೆ ಎಷ್ಟು ಗಂಟೆ ಎಂದೂ ಬರೆಸಿ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಸಬ್ಸಿಡಿ ಆಸೆಯಿದ್ದರೆ ಮುಂಗಡ ಕೊಡುವ ಮುಂಚೆಯೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಕೊಟೇಶನ್‌ನಲ್ಲಿ ಇನ್ನೂ ಹಳೇ ದರವೇ ಕಂಡರೆ ಚಹಾ ಕುಡಿದು ಎದ್ದು ಬನ್ನಿ.