ಮೀನಿನ ಒಣ ಆಹಾರವನ್ನು ಕಾದಿಡುವ ಹಾಗೂ ಕೆಡುತ್ತಿರುವುದನ್ನು ಉಳಿಸಿಕೊಳ್ಳುವ ಕ್ರಮ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಸುತ್ತಿನದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ತರುವಾಯ ರಾಜ್ಯದ ಇಂತಹ ಸೀಮೆಗಳಲ್ಲಿ ಹೊಲದೊಳಗೆ ಹೊಂಡ ತೋಡಿಸುವ ರೂಢಿ ಹೆಚ್ಚಿತು. ಹಲವು ತಿಂಗಳು ನೀರು ನಿಲ್ಲುವ ಹೊಂಡದಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಸಾಕಬಹುದು. ಡಂಬಳದ ಕೆರೆಯಂತಹ ವಿಸ್ತಾರವಾದ ನೀರಿನಲ್ಲಿ ಮೀನು ತನ್ನ ಮೇವನ್ನು ಬಹುಪಾಲು ತಾನೇ ಹುಡುಕಿಕೊಳ್ಳುವುದು; ಚಿಕ್ಕ ಹೊಂಡದಲ್ಲಾದರೋ ಒಡೆಯನೇ ಹಾಕಬೇಕು. ಸಮಭಾಗ ಶೇಂಗಾ ಹಿಂಡಿ ಹಾಗೂ ಅಕ್ಕಿಯ ತೌಡು ಇದಕ್ಕೆ ರೂಢಿಯ ಆಹಾರ. ಎರಡೂ ಬೇಗನೆ ಕೆಡತಕ್ಕ ಪದಾರ್ಥಗಳು.

ಮೊದಲನೆಯದಾಗಿ, ಬೇಕಾದಷ್ಟನ್ನೇ ಕೊಳ್ಳತಕ್ಕದ್ದು. ತಲಾ 200 ಗ್ರಾಂ ತೂಕದ 500 ಮೀನುಗಳಿದ್ದರೆ ಒಟ್ಟು ತೂಕ 100 ಕಿಲೋ. ದಿನಕ್ಕೆ ನೂರಕ್ಕೆ 2ರಂತೆ ಹಾಕಿದರೆ 2 ಕಿಲೋ, ತಿಂಗಳಿಗೆ 60 ಕಿಲೋ ಆಯಿತು. ಅಗ್ಗವೆಂದು ಸುಗ್ಗಿಯಲ್ಲಿ ವರ್ಷದ ಹಿಂಡಿಯನ್ನು ಒಮ್ಮೆಗೇ ತುಂಬಿಕೊಂಡವನಿಗೆ ಉಳಿತಾಯಕ್ಕಿಂತ ನಷ್ಟವೇ ಹೆಚ್ಚು. ಹೊಸದಾಗಿ ಗಿರಣಿಯಿಂದ ಬಂದ ತೌಡಂತೂ ತನ್ನೊಳಗಿನ ಎಣ್ಣೆಯಿಂದ ಕೆಲವೇ ದಿನಗಳಲ್ಲಿ ಕಮಟುವುದು. ಎಣ್ಣೆ ತೆಗೆದ ತೌಡು ಹೆಚ್ಚು ಕಾಲ ತಾಳುವುದು.

ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ಕ್ರಿಮಿನಾಶಕ ಅಥವಾ ಗೊಬ್ಬರ ತುಂಬಿದ್ದ ಚೀಲ ಎಷ್ಟು ತೊಳೆದರೂ ಇದಕ್ಕೆ ಬಾರದು. ಜೋಳವು ಹಗೇವಿನಲ್ಲಿ ವರ್ಷಗಟ್ಟಲೆ ಉಳಿಯುವುದಲ್ಲವೇ ಎಂದು ಹಿರಿಯರು ಕೇಳಬಹುದು. ಅಲ್ಲಿ ಕಾಳು ಚೆನ್ನಾಗಿ ಒಣಗಿರುತ್ತದೆ, ಬಾಯಿ ಮುಚ್ಚಿದ ಮೇಲೆ ಗಾಳಿಯೂ ಇರುವುದಿಲ್ಲ. ದಿನವೂ ತೆಗೆಯಬೇಕಾದ ಆಹಾರಕ್ಕೆ ಆ ಉಪಾಯ ಹೊಂದದು. ತೆರೆದಷ್ಟು ಸಲವೂ ತೇವ ಒಳಸೇರುವುದು.

ಇಷ್ಟಾದರೂ ಆಹಾರ ಕೆಟ್ಟರೆ, ಯಾವ ಬಗೆಯಲ್ಲಿ ಕೆಟ್ಟಿತೆಂಬುದನ್ನು ಮೊದಲು ಅರಿಯಬೇಕು. ಎಲ್ಲ ಕೆಡುಕಿಗೂ ಒಂದೇ ಮದ್ದಿಲ್ಲ.

ಹುಳ ಬಿದ್ದಿದ್ದರೆ ಗಾಬರಿಯಾಗಬೇಕಾಗಿಲ್ಲ. ಬಿಸಿಲಿಗೆ ತೆಳ್ಳಗೆ ಹರವಿ, ಜರಡಿ ಹಿಡಿದು, ಬೇಗ ಬಳಸಿ ಮುಗಿಸಬೇಕು. ಹುಳವನ್ನು ಮೀನು ತಿಂದರೆ ಹಾನಿಯಿಲ್ಲ.

ಕಮಟು ವಾಸನೆ ಹೊಡೆಯುವ ಆಹಾರ ಮೀನಿಗೆ ಸಲ್ಲದು. ಜಪಾನಿನಲ್ಲಿ ಕಮಟಿದ ರೇಷ್ಮೆಕೋಶದ ಹುಳುಗಳನ್ನು ತಿಂದ ಗೆಂಡೆಮೀನುಗಳಿಗೆ ಬೆನ್ನಿನ ಮಾಂಸ ಕರಗಿ ಬಡವಾಗುವ ರೋಗ ತಗುಲಿದ್ದುಂಟು. ಕಮಟಿದ ಎಣ್ಣೆಯು ಮೀನಿಗೆ ಅವಶ್ಯವಾದ ಇ ಜೀವಸತ್ವವನ್ನು ನಾಶಪಡಿಸುವುದೇ ಇದರ ಕಾರಣ. ಬಿಸಿಲಿನಿಂದ ಇದು ಸರಿಹೋಗದು.

ಮಳೆಗೆ ಚೀಲ ತೊಯ್ದರೆ ಆ ಕ್ಷಣವೇ ಬಾಯಿ ಬಿಚ್ಚಬೇಕು. ಕೈ ತೂರಿಸಿ ನೋಡಿದಾಗ ಒಳಗೆ ಬಿಸಿಯಿಲ್ಲದೆ, ಮುಗ್ಗಲು ವಾಸನೆಯಿಲ್ಲದೆ, ಗಂಟು ಕಟ್ಟದೆ ಇದ್ದರೆ ತಾಡಪತ್ರಿಯ ಮೇಲೆ ಎರಡು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಹರವಿ, ಮೇಲಿಂದ ಮೇಲೆ ತಿರುವುತ್ತ ಅದೇ ದಿನ ಒಣಗಿಸಬೇಕು. ನಾಳೆ ನೋಡೋಣವೆಂದರೆ ಕೈಮೀರುವುದು. ಹಾಳಾಗುವ ಬದಲು ಮೀನಾದರೂ ತಿನ್ನಲೆಂದು ತೊಯ್ದ ಚೀಲವನ್ನು ಹೊಂಡಕ್ಕೆ ಸುರಿಯುವುದು ಇನ್ನೂ ಕೆಡುಕು. ತಿನ್ನದೆ ಉಳಿದದ್ದು ಕೊಳೆತು ನೀರಿನೊಳಗಿನ ಪ್ರಾಣವಾಯುವನ್ನು ಹೀರುವುದು. ಬೆಳಗಿನ ಜಾವಕ್ಕೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುವವು, ಕೆಲವು ಸತ್ತು ತೇಲುವವು.

ಬೂಸ್ಟು ಹಿಡಿದದ್ದರ ಮಾತು ಬೇರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲ್ ದೇಶದಿಂದ ತರಿಸಿದ ಶೇಂಗಾ ಹಿಂಡಿಯಲ್ಲಿದ್ದ ಬೂಸ್ಟಿನ ವಿಷವೇ ಕಾರಣವೆಂದು ಆಮೇಲೆ ತಿಳಿದು, ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಗೋವಿನಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ತೀರಿಕೊಂಡರು. ಈ ವಿಷ ಬೇಯಿಸಿದರೆ ಹೋಗದು. ಬಿಸಿಲಿಗಿಟ್ಟರೆ ಬೂಸ್ಟು ಒಣಗಿ ಉದುರಬಹುದು, ವಿಷ ಉಳಿಯಬಹುದು. ಜರಡಿ ಹಿಡಿದರೂ ಅಷ್ಟೇ. ಶೇಂಗಾ ಬೆಳೆಗೆ ಕಡೆಗಾಲದಲ್ಲಿ ಬರ ತಾಗಿದರೆ, ಇಲ್ಲವೆ ಕಿತ್ತ ಮೇಲೆ ಬಳ್ಳಿ ಮಳೆಗೆ ಸಿಕ್ಕರೆ, ಕಾಳಿನಲ್ಲಿಯೇ ಅದು ಹುಟ್ಟಿ ಹಿಂಡಿಗೆ ಇಳಿಯುವುದೂ ಉಂಟು. ಆದಕಾರಣ ಅಂತಹ ವರ್ಷ ಹಿಂಡಿ ಕೊಳ್ಳುವಾಗ ಹೆಚ್ಚಿನ ಎಚ್ಚರ ಬೇಕು.

ಮೀನಿಗೆ ಬಾರದ ಹಿಂಡಿ ಎಮ್ಮೆಗಾದರೂ ಆದೀತೆಂಬ ಎಣಿಕೆ ಹಳ್ಳಿಗಳಲ್ಲಿ ಸಾಮಾನ್ಯ. ಅದು ಎಲ್ಲಕ್ಕಿಂತ ಅಪಾಯಕರ. ಎಮ್ಮೆ ತಿಂದ ವಿಷದ ಒಂದಂಶ ಹಾಲಿಗೆ ಇಳಿದು ಮನೆಯ ಮಕ್ಕಳ ಬಟ್ಟಲಿಗೆ ಬರುವುದು. ಹಸಿರು, ಹಳದಿ ಇಲ್ಲವೆ ಕಪ್ಪು ಬೂಸ್ಟು ಕಂಡ ಚೀಲದಿಂದ ಚಲೋ ಭಾಗವನ್ನು ಆರಿಸಿಕೊಳ್ಳುವ ಗೋಜಿಗೆ ಹೋಗದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ದನ ನಾಯಿ ಕೆದರದಷ್ಟು ಆಳವಾಗಿ, ಬಾವಿಯಿಂದ ದೂರ ಹೂಳತಕ್ಕದ್ದು.

ಮನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರಿಗೂ ಇದೇ ಕ್ರಮ. ಡಬ್ಬಿ ಚಿಕ್ಕದಿರಲಿ, ತೊಟ್ಟಿಯ ಮುಚ್ಚಳದ ಮೇಲೆ, ಆವಿ ತಾಗುವಲ್ಲಿ ಇಡದಿರಲಿ, ಒದ್ದೆ ಬೆರಳನ್ನು ಒಳಗೆ ಹಾಕದಿರಲಿ. ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಮುಗ್ಗಲು ವಾಸನೆ ಬಂದರೆ ಡಬ್ಬಿಯ ಬೆಲೆಯನ್ನು ನೆನೆಯದೆ ಚೆಲ್ಲಬೇಕು.